ಗಾಜು ಒರೆಸುತ್ತಿದ್ದ ಮೇಡಂ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸಿಟ್ಟು ಬರುತ್ತದೆ. ಬರೆಯದಿದ್ದರೂ ಬರುತ್ತದೆ, ಆದರೆ ಆಗ ‘ಅದು ನೀವಲ್ಲ’ ಎಂದು ವಾದಿಸಲು ನನಗೊಂದು ದಾರಿ ಇರುತ್ತದೆ. ತೆಲಂಗಾಣದ ಗಡಿಯ ಗದ್ವಾಲಿನ ಸರಕಾರಿ ಹೈಸ್ಕೂಲಿನಲ್ಲಿ ಅವರು ವಿಜ್ಞಾನ ಕಲಿಸುತ್ತಿದ್ದರು, ನಾನು ಗಣಿತ ಕಲಿಸುತ್ತೇನೆ. ಇಬ್ಬರ ಮನೆಯೂ ಮಕ್ತಲ್‌ನಲ್ಲಿ, ಒಂದೇ ಓಣಿಯಲ್ಲಿ. ಹೀಗಾಗಿ ವರ್ಷಗಟ್ಟಲೆ ಅವರ ಹಳೆಯ ಬಿಳಿ ಕಾರಿನಲ್ಲೇ ಶಾಲೆಗೆ ಹೋಗಿ ಬಂದೆ. ಈ ಬೇಸಿಗೆಯಲ್ಲಿ ಅವರು ನಿವೃತ್ತರಾಗಿ ನಾರಾಯಣಪೇಟೆಗೆ, ತಂಗಿಯ ಮನೆಗೆ ಹೋದರು. ಹೋಗುವಾಗ ಕಾರನ್ನೂ ಒಯ್ದರು. ಅಲ್ಲಿ ಅದನ್ನು ಓಡಿಸುವವರು ಯಾರೂ ಇಲ್ಲ. ಮಗ್ಗದ ಕೋಣೆಯ ಪಕ್ಕದಲ್ಲಿ ಹೊದಿಕೆ ಹೊದ್ದು ನಿಂತಿದೆ. ಮಾರಿ ಅಂದರೆ ಮಾರುವುದಿಲ್ಲ, ಯಾರಿಗಾದರೂ ಕೊಡಿ ಅಂದರೆ ಕೊಡುವುದಿಲ್ಲ. ನಾನೀಗ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಗದ್ವಾಲಿಗೆ ಹೋಗುತ್ತೇನೆ.

ಬೀಳ್ಕೊಡುಗೆಯ ದಿನ ಮಾತಾಡಿದವರೆಲ್ಲ ಅವರ ಸಮಯಪಾಲನೆಯನ್ನು ಹೊಗಳಿದರು. ನಾನು ಸೆರಗು ಸರಿಮಾಡಿಕೊಳ್ಳುತ್ತ ತಲೆ ತಗ್ಗಿಸಿ ಕುಳಿತೆ. ಅವರಿಂದಾಗಿ ನಾನು ಎಷ್ಟು ಬೆಳಗು ತಡವಾಗಿ ಹೋಗಿ ಹೆಡ್‌ಮಾಸ್ಟರ ಎದುರು ನಿಂತಿದ್ದೇನೆ ಎನ್ನುವುದು ಆ ಸಭೆಗೆ ಗೊತ್ತಿರಲಿಲ್ಲ. ಒಂದೇ ಕಾರಿನಿಂದ ಇಳಿದರೂ ಹೆಡ್‌ಮಾಸ್ಟರು ಕೇಳುತ್ತಿದ್ದುದು ನನ್ನನ್ನು. ಅವರನ್ನು ಕೇಳುವ ಧೈರ್ಯ ಆ ಶಾಲೆಯಲ್ಲಿ ಯಾರಿಗೂ ಇರಲಿಲ್ಲ.

ತಡಕ್ಕೆ ಕಾರಣ ಗಾಜು. ಕಾರಿನ ಮುಂದಿನ ಗಾಜು.

ಮಕ್ತಲ್‌ನಿಂದ ಜುರಾಲಾ ಅಣೆಕಟ್ಟು ದಾಟಿ ಧರೂರಿನ ಮೇಲೆ ಗದ್ವಾಲಿಗೆ ಹೋಗುವಾಗ ಬೆಳಗಿನ ಬಿಸಿಲು ಮುಖಕ್ಕೇ ಹೊಡೆಯುತ್ತದೆ. ಸಂಜೆ ತಿರುಗಿ ಬರುವಾಗ ಸೂರ್ಯ ಮತ್ತೆ ಎದುರಿಗೇ ಇರುತ್ತಾನೆ. ಗಾಜಿನ ಮೇಲೆ ಸಣ್ಣ ಚುಕ್ಕೆಯಿದ್ದರೂ ಆ ಬಿಸಿಲಿಗೆ ಹೊತ್ತಿಕೊಂಡಂತೆ ಹೊಳೆದು ದಾರಿ ಮುಚ್ಚಿಹೋಗುತ್ತದೆ. ನಮ್ಮ ಓಣಿಯ ಬೋರಿನದು ಸವಳು ನೀರು. ಗಾಜಿನ ಮೇಲೆ ಬಿದ್ದು ತಾನಾಗಿ ಒಣಗಿದರೆ ಸಣ್ಣ ಸಣ್ಣ ಬಳೆಗಳಂತೆ ಬಿಳಿ ಗುರುತು ನಿಂತುಬಿಡುತ್ತದೆ. ಒಮ್ಮೆ ನಿಂತರೆ ವೈಪರಿಗೂ ಬಗ್ಗುವುದಿಲ್ಲ, ಸೋಪಿಗೂ ಬಗ್ಗುವುದಿಲ್ಲ. ಊರಿನ ಎಲ್ಲ ಗಾಡಿಗಳ ಮೇಲೂ ಈ ಗುರುತು ಇರುತ್ತದೆ, ಎಲ್ಲರೂ ಅದರ ಸಂದಿಯಲ್ಲಿ ಇಣುಕಿಕೊಂಡೇ ಓಡಿಸುತ್ತಾರೆ. ಮೇಡಂ ಮಾತ್ರ ಹಾಗೆ ಓಡಿಸುತ್ತಿರಲಿಲ್ಲ.

ನಾನು ಅವರ ಗೇಟಿಗೆ ಹೋಗುವ ಹೊತ್ತಿಗೆ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾನೆಟ್ಟಿನ ಮೇಲೆ ಬಾಗಿರುತ್ತಿದ್ದರು. ಮೊದಲು ನೀರು ಸುರಿದು ಧೂಳು ಇಳಿಸಬೇಕು, ಇಲ್ಲವಾದರೆ ಬಟ್ಟೆಗೆ ಸಿಕ್ಕ ಮರಳೇ ಗಾಜನ್ನು ಗೀರುತ್ತದೆ. ಆಮೇಲೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ, ಕಲೆಯ ಮೇಲೆ ಹಾಸಿ, ಕೈ ಕಟ್ಟಿಕೊಂಡು ಕಾಯಬೇಕು. ವಿನೆಗರಿನ ಹುಳಿ ತಾನಾಗಿ ಕಲೆಯ ಸುಣ್ಣವನ್ನು ಕರಗಿಸುತ್ತದೆ. ಅದು ಕಾರಿನ ಬಣ್ಣದ ಮೇಲೆ, ಗಾಜಿನ ಅಂಚಿನ ರಬ್ಬರಿನ ಮೇಲೆ ಸೋರದಂತೆ ಕಾಯುವುದೂ ಒಂದು ಕೆಲಸ. ಕೊನೆಗೆ ಮೆಲ್ಲಗೆ ಒರೆಸಿ, ಫಿಲ್ಟರ್ ನೀರಿನಿಂದ ತೊಳೆದು, ಒಂದು ಹನಿಯೂ ಅಲ್ಲೇ ಒಣಗದಂತೆ ಬೇರೊಂದು ಬಟ್ಟೆಯಿಂದ ತೇವ ತೆಗೆಯಬೇಕು. ಇಷ್ಟೂ ನೆರಳಿನಲ್ಲಿ, ಗಾಜು ತಣ್ಣಗಿರುವಾಗ. ಬಟ್ಟೆಯೆಂದರೆ ತೊಳೆದು ತೊಳೆದು ಮೆತ್ತಗಾದ ನಾರಾಯಣಪೇಟೆಯ ಹಳೆಯ ನೂಲಿನ ಸೀರೆ. ಜರಿ ಗೀರುತ್ತದೆಂದು ಅಂಚನ್ನು ಕತ್ತರಿಸಿ ತೆಗೆದಿರುತ್ತಿದ್ದರು.

ನಾನು ಗಡಿಯಾರ ನೋಡುತ್ತ ನಿಂತರೆ, “ಗಾಜಿನ ಜೋಡಿ ಜಬರದಸ್ತಿ ಮಾಡಬಾರ್ದು. ಅದಕ್ಕ ಹೊತ್ತು ಕೊಡಬೇಕು” ಎನ್ನುತ್ತಿದ್ದರು. ಗಾಜಿಗೆ ಕೊಟ್ಟಷ್ಟು ಹೊತ್ತನ್ನು ಅವರು ಮನುಷ್ಯರಿಗೆ ಕೊಟ್ಟದ್ದನ್ನು ನಾನು ಕಂಡಿಲ್ಲ. ತರಗತಿಯಲ್ಲಿ ಉತ್ತರ ಹೊಳೆಯದೆ ತಡವರಿಸುವ ಹುಡುಗಿಗೆ ಅವರು ಒಂದು ಉಸಿರಿನಷ್ಟೂ ಕಾಯುತ್ತಿರಲಿಲ್ಲ.

ಹಿಂದಿನ ಸೀಟಿನಲ್ಲಿ ಬಸಣ್ಣ ಇರುತ್ತಿದ್ದ. ನೀರಾವರಿ ಕಚೇರಿಯ ಗುಮಾಸ್ತ, ಅಣೆಕಟ್ಟಿನ ಹತ್ತಿರ ಇಳಿಯುವವನು. ಒಂದು ಮಳೆಯ ಬೆಳಗು ಗಾಜಿನ ಒಳಗಡೆ ಮಂಜು ಕಟ್ಟಿತು. ಪಾಪ, ಉಪಕಾರ ಮಾಡೋಣವೆಂದು ಅವನು ಮುಂದೆ ಬಾಗಿ ತನ್ನ ಕರ್ಚೀಫಿನಿಂದ ಒರೆಸಿದ. ಅದೇ ಕರ್ಚೀಫಿನಿಂದ ಅವನು ತಲೆಯ ಎಣ್ಣೆ ಒರೆಸಿಕೊಂಡಿದ್ದ. ಗಾಜಿನ ತುಂಬ ಕಾಮನಬಿಲ್ಲಿನ ಪಟ್ಟೆ ಬಿತ್ತು. ಮೇಡಂ ಕಾರನ್ನು ರಸ್ತೆಯ ಬದಿಗೆ ಹಾಕಿದರು. ಬೈಯುತ್ತಾರೆಂದುಕೊಂಡೆ, ಬೈಯಲಿಲ್ಲ. ಸೀಟಿನ ಕೆಳಗಿನ ಡಬ್ಬಿಯಿಂದ ಬಟ್ಟೆ ತೆಗೆದು, ಒಂದೊಂದೇ ಪಟ್ಟೆಯನ್ನು ಬಿಡದೆ, ಗಾಜು ಒಣಗುವವರೆಗೆ ಒರೆಸಿದರು. ಬಸಣ್ಣ ಅಷ್ಟು ಹೊತ್ತೂ ಮಳೆಯಲ್ಲಿ ಹೊರಗೆ ನಿಂತಿದ್ದ. ಒಳಗೆ ಕೂತುಕೊಳ್ಳಬೇಡ ಎಂದು ಅವನಿಗೆ ಯಾರೂ ಅಂದಿರಲಿಲ್ಲ, ಆದರೂ ಹೆದರಿ ನಿಂತಿದ್ದ. ಅಂದಿನಿಂದ ಅವನು ಕಾರು ಹತ್ತಿದರೆ ಎರಡೂ ಕೈಗಳನ್ನು ತೊಡೆಗಳ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದ.

ಗದ್ವಾಲಿನಲ್ಲಿ ಗಾಡಿ ತೊಳೆಯುವ ಒಂದು ಅಂಗಡಿಯವನ ಜೊತೆ ಅವರು ಆಡಿದ ಜಗಳ ಇನ್ನೊಂದು. ಅವನು ಗಾಜಿನ ಕಲೆ ತೆಗೆಯಲು ಪಾಯಿಖಾನೆ ತೊಳೆಯುವ ಆಸಿಡ್ ಬಾಟಲಿ ಹಿಡಿದು ಬಂದ. ಮೇಡಂ ಮನೆಯಲ್ಲಿ, ನಮ್ಮ ಜೊತೆ ಕನ್ನಡ ಆಡುತ್ತಿದ್ದರು; ಸಿಟ್ಟು ಬಂದರೆ ಅವರ ಬಾಯಿಗೆ ಶಾಲೆಯ ತೆಲುಗು ಬರುತ್ತಿತ್ತು. ಬಾಟಲಿ ಕಸಿದುಕೊಂಡು ಅವನದೇ ಅಂಗಡಿಯ ಸಿಮೆಂಟು ನೆಲದ ಮೇಲೆ ಒಂದಿಷ್ಟು ಸುರಿದರು. ನೆಲ ನೊರೆಯುಕ್ಕಿ ಬುಸುಗುಟ್ಟಿತು. ಇದು ರಬ್ಬರನ್ನು ತಿನ್ನುತ್ತದೆ, ಬಣ್ಣವನ್ನು ತಿನ್ನುತ್ತದೆ, ಇದರ ಹೊಗೆ ನಿನ್ನ ಎದೆಯನ್ನೂ ತಿನ್ನುತ್ತದೆ ಎಂದು ಅವನಿಗೆ ಹತ್ತನೇ ತರಗತಿಯ ಪಾಠವನ್ನು ಅಲ್ಲೇ ಒಪ್ಪಿಸಿದರು. ಅವನು ಎಲ್ಲ ಕೇಳಿಸಿಕೊಂಡ. ಆಮೇಲೆ ನಮ್ಮ ಕಾರನ್ನು ಒಳಗೆ ಬಿಡುವುದನ್ನೇ ನಿಲ್ಲಿಸಿದ. ಸರಿಯಾದದ್ದನ್ನು ಹೇಳಿಯೂ ಜನರನ್ನು ಕಳೆದುಕೊಳ್ಳುವ ವಿದ್ಯೆ ಅವರಿಗೆ ಒಲಿದಿತ್ತು.

ನಾನು ಹೀಗೆ ಅವರನ್ನು ಒಳಗೊಳಗೇ ಬೈದುಕೊಂಡೇ ವರ್ಷಗಳು ಹೋದವು. ಆದರೂ ಒಂದು ಮಾತು ಒಪ್ಪಬೇಕು. ಆ ಗಾಜಿನ ಹಿಂದೆ ಕುಳಿತು ಹೋಗುವುದೆಂದರೆ ಗಾಜೇ ಇಲ್ಲದಂತೆ ಇರುತ್ತಿತ್ತು. ಕಾಲುವೆಯ ಪಕ್ಕದ ಗದ್ದೆಗಳು, ಬದುವಿನ ಮೇಲೆ ಒಂಟಿ ಕಾಲಿನಲ್ಲಿ ನಿಂತ ಕೊಕ್ಕರೆ, ದೂರದ ಅಣೆಕಟ್ಟಿನ ಬಾಗಿಲುಗಳು, ಎಲ್ಲವೂ ತೊಳೆದಿಟ್ಟಂತೆ ಕಾಣುತ್ತಿದ್ದವು.

ಒಂದು ವರ್ಷ ಸಂಕ್ರಾಂತಿ ಕಳೆದ ಮೇಲೆ ಅವರು ಹೊಸ ಕಲೆಯೊಂದರ ಮಾತು ಶುರು ಮಾಡಿದರು. ಓಡಿಸುವವರ ಕಣ್ಣಿಗೆ ನೇರವಾಗಿ, ಸ್ವಲ್ಪ ಮೇಲೆ, ಕಪ್ಪಗೆ, ಜೇಡನ ಬಲೆಯ ತುಂಡಿನಂಥದ್ದು. ನನಗೆ ಕಾಣಲಿಲ್ಲ. ನಾನು ಕೂತ ಕಡೆಯಿಂದ ಕಾಣುವುದಿಲ್ಲ ಎಂದರು. ಬಸಣ್ಣನಿಗೂ ಕಾಣಲಿಲ್ಲ, ಅವನಿಗೆ ಏನು ಕಾಣುತ್ತದೆ ಎಂದರು. ಮರುದಿನ ಬೆಳಿಗ್ಗೆ ವಿನೆಗರ್ ಬಟ್ಟೆಯನ್ನು ಎರಡೆರಡು ಸಲ ಹಾಸಿದರು. ಅದರ ಮರುದಿನ, ವರ್ಷಕ್ಕೊಮ್ಮೆ ಮಾತ್ರ ಹೊರಬರುತ್ತಿದ್ದ, ಗಾಜಿಗೆಂದೇ ಸಿಗುವ ಪಾಲಿಶ್ ಪುಡಿಯನ್ನು ಕೆನೆಯಂತೆ ಕಲಸಿ ಉಜ್ಜಿದರು. ಕಲೆ ಹೋಯಿತು ಎಂದರು. ಧರೂರು ಬರುವ ಹೊತ್ತಿಗೆ ಮತ್ತೆ ಬಂತು ಎಂದರು.

ಆಮೇಲೆ ನಮ್ಮ ಪಾಡು ಹೇಳತೀರದು. ಮೊದಲು ತಪ್ಪು ನೀರಿನದಾಯಿತು. ಫಿಲ್ಟರ್ ಯಂತ್ರ ಬದಲಾಯಿತು. ಆಮೇಲೆ ತಪ್ಪು ಅವರ ಮನೆಯ ಮುಂದಿನ ಬೇವಿನ ಮರದ್ದಾಯಿತು, ಅಂಟು ಬೀಳುತ್ತದೆಂದು ಕೊಂಬೆ ಕಡಿಸಿದರು. ವೈಪರಿನ ರಬ್ಬರು ಸವೆದಿದೆಯೆಂದು ಹೊಸದು ಹಾಕಿಸಿದರು. ಏನೂ ಆಗದಿದ್ದಾಗ ತಪ್ಪು ನನ್ನದಾಯಿತು. ನಾನು ಕಾರಿನೊಳಗೆ ಕೂತು ಚುರುಮುರಿ ತಿನ್ನುತ್ತೇನಂತೆ, ಆ ಎಣ್ಣೆಯ ಕೈ ಎಲ್ಲೆಲ್ಲೋ ತಾಗುತ್ತದಂತೆ. ನಾನು ಆ ಕಾರಿನಲ್ಲಿ ನೀರು ಕುಡಿಯಲೂ ಹೆದರುವವಳು. ಸಂಜೆ ಮನೆಗೆ ಹೋಗಿ ಗಂಡನ ಎದುರು ಅತ್ತಿದ್ದೇನೆ. ಅವರು ನಕ್ಕು, ಬಸ್ಸಿಗೆ ಹೋಗು ಎಂದರು. ಬಸ್ಸಿಗೆ ಹೋಗಲು ಮನಸ್ಸು ಬರಲಿಲ್ಲ. ಯಾಕೆ ಬರಲಿಲ್ಲವೆಂದು ಈಗಲೂ ನನಗೆ ಸರಿಯಾಗಿ ಗೊತ್ತಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಮೊಸರಿಗೆ ಹೆಪ್ಪು ಕೇಳಲು ಅವರ ಮನೆಗೆ ಹೋದೆ. ಕಾರು ಬಟಾಬಯಲು ಬಿಸಿಲಿನಲ್ಲಿ ನಿಂತಿತ್ತು. ಮೇಡಂ ಪಾತ್ರೆ ಉಜ್ಜುವ ತಂತಿಯ ಉಂಡೆಯಿಂದ, ಒಣ ಗಾಜನ್ನು, ಎರಡೂ ಕೈ ಊರಿ ತಿಕ್ಕುತ್ತಿದ್ದರು. ಆ ಸದ್ದಿಗೆ ನನ್ನ ಹಲ್ಲು ಜುಮ್ಮೆಂದವು. ಹೆಪ್ಪಿನ ಬಟ್ಟಲು ಕಟ್ಟೆಯ ಮೇಲಿಟ್ಟು ಓಡಿಹೋಗಿ ಅವರ ಕೈ ಹಿಡಿದೆ. ಅವರ ಮೈ ಮುಟ್ಟಿದ್ದು ಅದೇ ಮೊದಲು. ಕೈ ಬಿಡಿಸಿಕೊಳ್ಳಲಿಲ್ಲ. ಉಸಿರು ಏರಿತ್ತು, ಮೋರೆಯ ತುಂಬ ಬೆವರು.

“ಹೋಗವಲ್ದು ಸುನಂದಾ,” ಎಂದರು. “ಏನ್ ಮಾಡಿದ್ರೂ ಹೋಗವಲ್ದು.”

ಮರುದಿನ ಬೆಳಗಿನ ಬಿಸಿಲಿಗೆ ಆ ಗಾಜನ್ನು ನೋಡಿದೆ. ಸಾವಿರ ಗೀರುಗಳು ಒಟ್ಟಿಗೆ ಹೊಳೆಯುತ್ತಿದ್ದವು. ನೀರಿನ ಕಲೆ ಗಾಜಿನ ಮೇಲೆ ಕೂತಿರುತ್ತದೆ, ಇಂದಲ್ಲ ನಾಳೆ ಇಳಿಸಬಹುದು. ಗೀರು ಗಾಜಿನೊಳಗೇ ಇಳಿದಿರುತ್ತದೆ, ಅದಕ್ಕೆ ಮದ್ದಿಲ್ಲ, ಗಾಜನ್ನೇ ಬದಲಾಯಿಸಬೇಕು. ಇದನ್ನು ನನಗೆ ಕಲಿಸಿದವರೇ ಅವರು. ಆದರೂ ಅಂದು ಕಾರು ತೆಗೆದರು. ನಾನೂ ಬಸಣ್ಣನೂ ಬಾಯಿ ಬಿಡದೆ ಹತ್ತಿದೆವು.

ಅಂದು ಸಂಜೆ ತಿರುಗಿ ಬರುವಾಗ, ಅಣೆಕಟ್ಟಿನ ಹತ್ತಿರ ಬಸಣ್ಣನನ್ನು ಹತ್ತಿಸಿಕೊಂಡು ಸ್ವಲ್ಪ ದೂರ ಬಂದಾಗ, ಕಾಲುವೆಯ ಬದಿಯ ಮಣ್ಣುದಾರಿಯಿಂದ ಒಬ್ಬ ರೈತ ಮೊಪೆಡ್ ಮೇಲೆ ರಸ್ತೆಗೆ ಬಂದ. ಹಿಂದೆ ಹೆಂಡತಿ, ಅವಳ ಮಡಿಲಿನಲ್ಲಿ ಹುಲ್ಲಿನ ಹೊರೆ. ನನಗೆ ಅವರು ಬಹಳ ದೂರದಿಂದಲೇ ಕಂಡಿದ್ದರು. ಮೇಡಂಗೂ ಕಂಡಿರುತ್ತಾರೆಂದೇ ಸುಮ್ಮನಿದ್ದೆ. ಕಾರಿನ ವೇಗ ಇಳಿಯಲಿಲ್ಲ. ನಾನು ಕೂಗಿ ಸ್ಟೀರಿಂಗಿಗೆ ಕೈ ಹಾಕಿ ಎಳೆದೆ. ಕಾರು ರಸ್ತೆಯಾಚೆಗಿನ ಮುಳ್ಳುಕಂಟಿಗೆ ನುಗ್ಗಿ ನಿಂತಿತು. ಮೊಪೆಡ್ಡಿನವನು ಹೆದರಿ ಗದ್ದೆಗೆ ಇಳಿಸಿ ಬಿದ್ದ. ಮೆತ್ತನೆಯ ಕೆಸರಾದ್ದರಿಂದ ಇಬ್ಬರಿಗೂ ಪೆಟ್ಟಾಗಲಿಲ್ಲ. ಬಸಣ್ಣ ಓಡಿಹೋಗಿ ಎತ್ತಿದ. ಆ ಹೆಂಗಸು ಕೆಸರಿನಲ್ಲಿ ನಿಂತು ನಮ್ಮ ಕಾರಿನ ಕಡೆ ನೋಡಿ ತೆಲುಗಿನಲ್ಲಿ ಬೈದಳು. ಕಣ್ಣು ಎಲ್ಲಿಟ್ಟುಕೊಂಡಿದ್ದೀಯೆಂದು ಕೇಳಿದಳು. ಮೇಡಂ ಸ್ಟೀರಿಂಗ್ ಹಿಡಿದು ಎದುರಿಗೆ ನೋಡುತ್ತ ಕೂತಿದ್ದರು. ಇಳಿದು ಒಂದು ಮಾತು ಕ್ಷಮೆ ಕೇಳಲಿಲ್ಲ. ಅದನ್ನೂ ನಾನೇ ಮಾಡಿದೆ. ತಿರುಗಿ ಬಂದು ಕೂತಾಗ ಅವರು ಹೇಳಿದ್ದಿಷ್ಟೇ: ಗಾಜು ಗೀರಿತ್ತು, ಅದಕ್ಕೇ.

ಅವರು ಮರುದಿನವೇ ರಜೆ ಹಾಕಿ ರಾಯಚೂರಿಗೆ ಹೋಗಿ ಹೊಸ ಗಾಜು ಹಾಕಿಸಿಕೊಂಡು ಬಂದರು. ಅದರ ಮಾರನೆಯ ಬೆಳಿಗ್ಗೆ ತಮ್ಮ ಗೇಟಿನಲ್ಲಿ ಕಾರು ನಿಲ್ಲಿಸಿ, ಏನೂ ಆಗದವರಂತೆ ಹಾರ್ನ್ ಹೊಡೆದರು. ಬಸಣ್ಣ ಬರಲಿಲ್ಲ. ನಾನು ಹೋದೆ, ಆದರೆ ಹತ್ತಲಿಲ್ಲ.

ಹೊಸ ಗಾಜಿನ ಮೇಲೆ ಕಲೆ ಇದೆಯೇ ಎಂದು ಕೇಳಿದೆ.

“ಐತಿ. ಅಂಗಡ್ಯಾವ ಸರಿ ಒರಸಿಲ್ಲ.”

“ಎಲ್ಲೈತ್ರಿ? ಬೆರಳಿಟ್ಟು ತೋರಸ್ರಿ.”

ಒಳಗೆ ಕೂತೇ ಬೆರಳಿಟ್ಟರು. ನಾನು ಹಣೆಯ ಬಿಂದಿ ಕಿತ್ತು ಆ ಜಾಗಕ್ಕೆ ಹೊರಗಿನಿಂದ ಅಂಟಿಸಿದೆ. ಗಾಜಿಗೆ ಅಂಟು ಹತ್ತುತ್ತದೆಂದು ಬೈದರು. ಬೈಯಲಿ ಎಂದು ಬಿಟ್ಟು, ಎಡಗಡೆಯ ಸೀಟಿಗೆ ಬಂದು ಕೂತು ಮತ್ತೊಮ್ಮೆ ತೋರಿಸಿ ಎಂದೆ. ಬೇಸರದಿಂದಲೇ ಬಂದು ಕೂತರು. ಬೆರಳು ಎತ್ತಿದರು. ಆ ಬೆರಳಿಗೂ ನನ್ನ ಬಿಂದಿಗೂ ನಡುವೆ ಒಂದು ಮೊಳಕ್ಕಿಂತ ಹೆಚ್ಚು ಅಂತರವಿತ್ತು.

ಅವರು ಬಿಂದಿಯನ್ನು ನೋಡಿದರು. ತಮ್ಮ ಬೆರಳನ್ನು ನೋಡಿದರು. ಬದುಕೆಲ್ಲ ಮಕ್ಕಳಿಗೆ ಪ್ರಯೋಗ ಮಾಡಿಸಿ, ಕಂಡದ್ದನ್ನೇ ಬರೆಯಬೇಕು, ಬೇಕಾದ್ದನ್ನು ಬರೆಯಬಾರದು ಎಂದು ಹೇಳಿದವರು. ನಾನು ಮುಂದಿನದನ್ನು ಹೇಳುವ ಮೊದಲೇ ತಾವೇ ಎಡ ಅಂಗೈಯಿಂದ ಎಡಗಣ್ಣು ಮುಚ್ಚಿದರು. ಆಮೇಲೆ ಬಲಗಣ್ಣು ಮುಚ್ಚಿದರು. ಮತ್ತೆ ಎಡಗಣ್ಣು. ಬೇವಿನ ಮರದ ಕಡಿದ ಕೊಂಬೆಯ ಮೇಲೆ ಕಾಗೆ ಕೂಗುತ್ತಿತ್ತು. ಓಣಿಯಲ್ಲಿ ಹಾಲಿನವನ ಗಂಟೆ ಕೇಳಿಸಿತು. ಅವರು ಕೈ ಕೆಳಗಿಳಿಸಿ ಕೀಲಿ ತೆಗೆದು ನನ್ನ ಕೈಯಲ್ಲಿಟ್ಟರು.

“ಆತು. ಸಾಲಿಗೆ ತಡ ಆಗತೈತಿ. ಬಸ್ಸಿಗೆ ಹೋಗೂನು.”

ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತರು. ಅಣೆಕಟ್ಟು ದಾಟಿದ ಮೇಲೆ ಹೊರಗೆ ನೋಡುತ್ತಲೇ, ಕಲೆ ಗಾಜಿನದಲ್ಲ ಕಣ್ಣಿನದೆಂದು ತಮಗೆ ಗೊತ್ತಿತ್ತು ಎಂದರು. ನನಗೆ ಮೈ ಉರಿದುಹೋಯಿತು. ಗೊತ್ತಿದ್ದೂ ನಮ್ಮನ್ನು ಕೂರಿಸಿಕೊಂಡು ಓಡಿಸಿದಿರಾ, ಆ ಮೊಪೆಡ್ಡಿನವರು ಕೆಸರಿಗೆ ಬೀಳದೆ ಕಲ್ಲಿಗೆ ಬಿದ್ದಿದ್ದರೆ ಏನು ಗತಿಯಾಗುತ್ತಿತ್ತು ಎಂದು, ಜನ ತಿರುಗಿ ನೋಡುವಂತೆ ಕೇಳಿದೆ. ಅವರು ತಡೆಯಲಿಲ್ಲ. ನನ್ನ ಮಾತು ಮುಗಿದ ಮೇಲೆ, “ಗಾಜಿನ ಕಲಿ ಅಂದ್ರ ಒರಸಾಕ ಬರತೈತಿ, ಅದಕ್ಕ ಹಂಗ ಅಂದಕೊಂಡೆ” ಎಂದರು. ಆ ಮಾತಿಗೆ ನನಗೆ ಆಗ ಕರುಣೆ ಬರಲಿಲ್ಲ. ಈಗ ಬರುತ್ತದೆ, ಆದರೆ ಸಿಟ್ಟಿನ ಜೊತೆಗೇ ಬರುತ್ತದೆ.

ರಾಯಚೂರಿನ ಕಣ್ಣಿನ ಆಸ್ಪತ್ರೆಗೆ ಅವರನ್ನು ಒಯ್ಯಲು ನಾನೂ ಅವರ ತಂಗಿಯೂ ಎಷ್ಟು ಕಷ್ಟಪಟ್ಟೆವೆಂದರೆ, ಪರೀಕ್ಷೆ ಇದೆ, ಮೌಲ್ಯಮಾಪನ ಇದೆ, ಅಮಾವಾಸ್ಯೆ ಇದೆ, ಎಲ್ಲ ನೆಪಗಳೂ ಮುಗಿಯುವವರೆಗೆ ಕಾಯಬೇಕಾಯಿತು. ಅಮಾವಾಸ್ಯೆಯನ್ನು ಮೂಢನಂಬಿಕೆ ಎಂದು ಮಕ್ಕಳಿಗೆ ಪಾಠ ಮಾಡುತ್ತಿದ್ದ ಮೇಡಂ! ಕೊನೆಗೆ ಡಾಕ್ಟರು ನೋಡಿ, ಶುಗರ್ ಬಹಳ ವರ್ಷದ್ದು, ಕಣ್ಣಿನ ಹಿಂಪದರಿನಲ್ಲಿ ರಕ್ತ ಒಸರಿದೆ, ಬಲಗಣ್ಣಿನಲ್ಲಿ ಉಳಿದಿರುವುದು ಕಡಿಮೆ, ಎಡಗಣ್ಣನ್ನು ಉಳಿಸಿಕೊಳ್ಳಬಹುದು ಎಂದರು. ಸಂಕ್ರಾಂತಿಯ ಹೊತ್ತಿಗೇ ಬಂದಿದ್ದರೆ ಎಂದು ಏನೋ ಹೇಳಹೋಗಿ ಮೇಡಂ ಮೋರೆ ನೋಡಿ ನಿಲ್ಲಿಸಿದರು. ಶುಗರ್ ಇರುವುದೇ ನನಗೆ ಗೊತ್ತಿರಲಿಲ್ಲ. ದಿನವೂ ಊಟಕ್ಕೆ ಮುಂಚೆ ನುಂಗುತ್ತಿದ್ದ ಗುಳಿಗೆಯನ್ನು ಶಕ್ತಿಗೆ ಎಂದು ನಮಗೆಲ್ಲ ಹೇಳಿದ್ದರು.

ಅವರನ್ನು ಲೇಸರ್ ಕೋಣೆಗೆ ಕರೆದುಕೊಂಡು ಹೋದಾಗ, ಹೊರಗಿನ ಬೆಂಚಿನ ಮೇಲೆ ಅವರ ತಂಗಿ ನನಗೆ ತಂದೆಯ ಸಂಗತಿ ಹೇಳಿದರು. ತಂದೆ ನಾರಾಯಣಪೇಟೆಯಲ್ಲಿ ಸೀರೆ ನೇಯುತ್ತಿದ್ದರು. ಅಂಚಿನ ಎಳೆ ತಪ್ಪಿದರೆ ದೂರದಿಂದಲೇ ಹೇಳುವಂಥ ಕಣ್ಣು. ಅವರಿಗೂ ಇದೇ ಕಾಯಿಲೆ. ಕಣ್ಣು ಹೋಗತೊಡಗಿದಾಗ ನೂಲಿನ ಬಣ್ಣ ಸರಿಯಿಲ್ಲ, ಬಲ್ಬು ಸರಿಯಿಲ್ಲ ಎಂದು ಹೇಳುತ್ತಲೇ ನೇಯ್ದರು. ಪೂರ್ತಿ ಹೋದ ಮೇಲೆ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತರು. ಬಂದವರೆಲ್ಲ ಅವರ ಎದುರಿಗೇ, ಅವರು ಅಲ್ಲಿಲ್ಲವೇನೋ ಎಂಬಂತೆ, ಅಯ್ಯೋ ಪಾಪ ಎಂದು ಹೋಗುತ್ತಿದ್ದರು.

“ನಮ್ಮಕ್ಕಗ ಕುರುಡಿ ಆಗೂದರ ಅಂಜಿಕಿ ಇಲ್ಲವ್ವಾ,” ಎಂದರು ತಂಗಿ. “ಹಂಗ ಮಂದಿ ಪಾಪ ಅನ್ನೂದರ ಅಂಜಿಕಿ.”

ಲೇಸರ್ ಆಯಿತು, ಕಣ್ಣಿಗೆ ಸೂಜಿ ಆಯಿತು, ಎಡಗಣ್ಣು ಉಳಿಯಿತು. ಬಲಗಣ್ಣಿನಲ್ಲಿ ಬೆಳಕು ನೆರಳಿನಷ್ಟೇ ನಿಂತಿತು. ಬೋರ್ಡಿನ ಮೇಲೆ ದೊಡ್ಡ ಅಕ್ಷರ ಬರೆದುಕೊಂಡು ಪಾಠ ಮಾಡಿದರು. ಯಾರಿಗೂ ವಿಷಯ ತಿಳಿಸಕೂಡದೆಂದು ನನಗೆ ಅಪ್ಪಣೆಯಾಯಿತು. ಮೆಟ್ಟಿಲು ಇಳಿಯುವಾಗ ಕೈ ಹಿಡಿಯಹೋದರೆ ಕೊಸರಿಕೊಂಡು, ಒಂದು ಮೆಟ್ಟಿಲು ತಪ್ಪಿ, ಅದನ್ನು ಬೇಕೆಂದೇ ಹಾರಿದವರಂತೆ ಮುಂದೆ ಹೋಗುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಅವರು ಯಾರಿಗಾದರೂ ನಮಸ್ಕಾರ ಹೇಳದೆ ಹೋದರೆ, ಕಾಣಲಿಲ್ಲವೆಂದು ಹೇಳುವಂತಿಲ್ಲ; ಸೊಕ್ಕು ಎಂದು ಜನ ಅಂದುಕೊಂಡರೆ ನಾನು ಬಾಯಿ ಮುಚ್ಚಿಕೊಂಡು ಕೇಳಬೇಕು. ಅವರಿಗೆ ಸೊಕ್ಕು ಎನ್ನಿಸಿಕೊಳ್ಳುವುದು ಹಿತವಾಗಿತ್ತು.

ಕೀಲಿ ಮಾತ್ರ ನನ್ನಲ್ಲೇ ಉಳಿಯಿತು. ತಿರುಗಿ ಕೊಡಹೋದರೆ, ಕೈಯಲ್ಲಿ ಕೀಲಿ ಇದ್ದೂ ಓಡಿಸಲು ಬರದವಳು ಏನು ಗಣಿತ ಕಲಿಸುತ್ತೀಯೆಂದು ಕೇಳಿದರು. ಮಕ್ತಲ್‌ನ ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಲೈಸೆನ್ಸ್ ಬಂದ ಮೇಲೆ ನನ್ನ ನಿಜವಾದ ಕಲಿಕೆ ಶುರುವಾಯಿತು. ಅವರು ಎಡಗಡೆ ಕೂತು ಇಂಜಿನ್ನಿನ ಸದ್ದಿನಿಂದಲೇ ನನ್ನ ತಪ್ಪು ಹಿಡಿಯುತ್ತಿದ್ದರು. ಗೇರು ತಡವಾಯಿತು, ಬ್ರೇಕು ಮೊದಲಾಯಿತು, ಟ್ರಾಕ್ಟರಿನ ಹಿಂದೆ ಇಷ್ಟು ಹತ್ತಿರ ಹೋಗುತ್ತಾರೇನು. ಎದುರಿಗೆ ಟ್ರಾಕ್ಟರೇ ಇಲ್ಲ, ಅದು ಬಸ್ಸು ಎಂದರೆ, ಬಸ್ಸಾದರೇನು ಎನ್ನುತ್ತಿದ್ದರು. ಬಸಣ್ಣನೂ ಹೆದರುತ್ತ ಹೆದರುತ್ತ ಹಿಂದಿನ ಸೀಟಿಗೆ ಮರಳಿದ. ಬೆಳಿಗ್ಗೆ ಗಾಜು ಒರೆಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಒರೆಸಿದ ಗಾಜಿನ ಮೇಲೆ ಅವರು ಬೆರಳ ತುದಿ ಆಡಿಸಿ, ಇಲ್ಲಿ ತರಿ ಇದೆ, ಇನ್ನೊಮ್ಮೆ ಬಟ್ಟೆ ಹಾಸು ಎನ್ನುತ್ತಿದ್ದರು. ಒಂದೆರಡು ಸಲ ಅವರು ಹೇಳಿದ್ದು ಸುಳ್ಳಾಗಿತ್ತು. ನಾನು ವಾದಿಸಿದೆ. ಶಾಲೆಗೆ ಆಗಲೂ ತಡವಾಯಿತು.

ಆ ಗಾಜಿನ ಬಗ್ಗೆ, ಆ ಮೊಪೆಡ್ಡಿನವರ ಬಗ್ಗೆ, ನಾನು ಬಸ್ಸಿನಲ್ಲಿ ಕೂಗಾಡಿದ್ದರ ಬಗ್ಗೆ ಅವರು ಮತ್ತೆಂದೂ ಮಾತೆತ್ತಲಿಲ್ಲ. ತಪ್ಪಾಯಿತು ಎಂದು ಒಮ್ಮೆ ಅಂದಿದ್ದರೆ ನನ್ನ ಎದೆ ಹಗುರಾಗುತ್ತಿತ್ತು. ನಾನು ಎರಡು ಮೂರು ಸಲ ಆ ಮಾತಿನ ಹತ್ತಿರಕ್ಕೆ ಅವರನ್ನು ಒಯ್ದು ನೋಡಿದೆ. ಪ್ರತಿಸಲವೂ ಅವರು ಕಿಟಕಿಯ ಗಾಜು ಇಳಿಸಿ ಗಾಳಿಗೆ ಮುಖವೊಡ್ಡಿದರು.

ಅವರು ಶಾಲೆಗೆ ಬಂದ ಕಡೆಯ ಮಳೆಗಾಲದಲ್ಲಿ, ಒಂದು ಸಂಜೆ ನಾವಿಬ್ಬರೇ ತಿರುಗಿ ಬರುತ್ತಿದ್ದೆವು. ಬಸಣ್ಣನಿಗೆ ಕಚೇರಿಯಲ್ಲಿ ಕೆಲಸವಿತ್ತು. ಮೇಲಿನಿಂದ ನೀರು ಬಂದು ಅಣೆಕಟ್ಟಿನ ಬಾಗಿಲು ಎತ್ತಿದ್ದರು. ಮೇಲಿನ ರಸ್ತೆಯ ಉದ್ದಕ್ಕೂ ಜನ ಗಾಡಿ ನಿಲ್ಲಿಸಿ ಅಂಚಿನ ಕಂಬಿಯ ಕಟಾಂಜನಕ್ಕೆ ಆತು ನೋಡುತ್ತಿದ್ದರು. ಹೀಗೆ ನಿಲ್ಲುವವರನ್ನು ಮೇಡಂ ಸದಾ ಬೈಯುತ್ತಿದ್ದರು, ಹಾಗಾಗಿ ನಾನು ಹಾರ್ನ್ ಹೊಡೆಯುತ್ತ ಮೆಲ್ಲಗೆ ದಾಟಿಸುತ್ತಿದ್ದೆ. ಅವರು ನಿಲ್ಲಿಸು ಎಂದರು. ನಿಲ್ಲಿಸಿದೆ. ತಾವೇ ಬಾಗಿಲು ತೆರೆದು ಇಳಿದು, ಕೈ ಚಾಚಿ ಕಟಾಂಜನ ಹುಡುಕಿ ಹಿಡಿದುಕೊಂಡರು. ನಾನು ಪಕ್ಕದಲ್ಲಿ ಹೋಗಿ ನಿಂತೆ. ಕೆಳಗಿನಿಂದ ಎದ್ದ ತುಂತುರು ನಮ್ಮ ಮುಖಕ್ಕೆ ತಾಗುತ್ತಿತ್ತು.

“ಹೇಳು,” ಎಂದರು.

ಏನು ಹೇಳಬೇಕೆಂದು ಮೊದಲು ನನಗೆ ತಿಳಿಯಲಿಲ್ಲ. ನೀರು ಬಿಟ್ಟಿದ್ದಾರ್ರಿ ಎಂದೆ. ಅದು ಸಪ್ಪಳದಿಂದಲೇ ಗೊತ್ತಾಗುತ್ತದೆ, ಕಾಣುವುದನ್ನು ಹೇಳು ಎಂದರು. ನೀರು ಬೆಳ್ಳಗಿದೆ ಎಂದೆ. ಎಂಥ ಬಿಳಿ ಎಂದು ಕೇಳಿದರು. ಯೋಚಿಸಿ ಹೇಳಿದೆ: ಬಾಗಿಲಿನ ಬಾಯಿಯಲ್ಲಿ ಹಸಿರು ಇದೆ, ಬಾಗಿ ಬೀಳುವಲ್ಲಿ ಹಿಂಜಿದ ಹತ್ತಿಯ ಹಾಗೆ ಬಿಳಿ, ಕೆಳಗೆ ಬಂಡೆಗೆ ಬಡಿದ ಮೇಲೆ ಕೆಂಪು. ಆಚೆ ದಂಡೆಗೆ ಮೀನುಗಾರರ ತೆಪ್ಪಗಳನ್ನು ಎಳೆದು ಬೋರಲು ಹಾಕಿದ್ದಾರೆ. ನಡುವಿನ ಬಂಡೆಯ ಮೇಲೆ ಒಂದು ಗಿಡ ಇನ್ನೂ ಮುಳುಗಿಲ್ಲ, ಬಾಗುತ್ತಿದೆ, ಏಳುತ್ತಿದೆ. ಅವರು ತಲೆಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ, ಉಳಿದ ಕಣ್ಣನ್ನು ಆ ಕಡೆ ಹಿಡಿದು ಕೇಳಿದರು. ನಾನು ಹೇಳಿ ಮುಗಿಸಿದೆ. ಹೊರಡೋಣವೇನ್ರಿ, ಕತ್ತಲಾಗುತ್ತದೆ ಎಂದೆ.

ನನ್ನ ಮೊಣಕೈಯನ್ನು ಅವರಾಗಿಯೇ ಹಿಡಿದುಕೊಂಡರು.

“ಭಾಳ ಅವಸರ ಮಾಡತಿ ನೀ,” ಎಂದರು. “ಎಡಗಡಿಯಿಂದ ಮತ್ತ ಶುರು ಮಾಡು. ಗಿಡದ ತನಕ ಮೆಲ್ಲಕ ಹೇಳಕೋತ ಬಾ.”

ನಾನು ಎಡಗಡೆಯ ಮೊದಲ ಬಾಗಿಲಿನಿಂದ ಮತ್ತೆ ಶುರು ಮಾಡಿದೆ.